8×4 ಪ್ಲೈವುಡ್ ಮೇಲೆ ಎಚ್‌ಒ ಮಾಡೆಲ್ ರೈಲು ಲೇಔಟ್: ಎಂಜಿನ್ ಆಚೆ ತುದಿಯಲ್ಲಿ ನಿಧಾನ ಆಗುತ್ತೆ, ವೈರಿಂಗ್ ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಎಚ್‌ಒ (ನಿಜ ರೈಲಿನ 1:87 ಅಳತೆಯ ಮಾಡೆಲ್ ರೈಲು) ಸ್ಟಾರ್ಟರ್ ಸೆಟ್ ಇದೆ, ಎಂಟಡಿ ನಾಲ್ಕಡಿ ಪ್ಲೈವುಡ್ ತಂದಾಗಿದೆ, ಹಳಿ ಜೋಡಿಸಿ ಓಡಿಸಿದ್ದೀರಿ. ಕಂಟ್ರೋಲರ್ ಪಕ್ಕದಲ್ಲಿ ಜೋರಾಗಿ ಓಡುವ ಎಂಜಿನ್ ಆಚೆ ತುದಿಗೆ ಹೋದರೆ ತೆವಳುತ್ತದೆ. ಮುಂದೆ ಸಕಲೇಶಪುರ ಘಾಟ್ ತರಹ ಒಂದು ಏರು, ಒಂದು ರಿವರ್ಸ್ ಲೂಪ್ (ರೈಲು ಸುತ್ತಿ ಬಂದು ಅದೇ ಹಳಿಗೆ ತಿರುಗಿ ಸೇರುವ ಸುತ್ತು), ಆಮೇಲೆ ಡಿಸಿಸಿ (ಪ್ರತಿ ಎಂಜಿನ್‌ಗೂ ಬೇರೆ ಬೇರೆ ಆಜ್ಞೆ ಕಳಿಸುವ ಡಿಜಿಟಲ್ ವ್ಯವಸ್ಥೆ), ಇಷ್ಟು ಆಸೆ. ಎಲೆಕ್ಟ್ರಾನಿಕ್ಸ್ ಬರಲ್ಲ ಅಂದಿದ್ದೀರಿ. ಬೇಕಾಗಿಲ್ಲ. ಬೆಸುಗೆ ಹಾಕುವುದು ಮತ್ತು ಬಣ್ಣ ನೆನಪಿಟ್ಟುಕೊಳ್ಳುವುದು ಬಂದರೆ ಸಾಕು.

ಮೊದಲು ಆ ಆಚೆ ತುದಿಯ ವಿಷಯ. ಎಂಜಿನ್ ಕೆಟ್ಟಿಲ್ಲ, ಬಿಚ್ಚಬೇಡಿ. ಸ್ಟಾರ್ಟರ್ ಸೆಟ್‌ನಲ್ಲಿ ಕಂಟ್ರೋಲರ್‌ನಿಂದ ಎರಡೇ ಎರಡು ತಂತಿ ಒಂದು ಜಾಗದಲ್ಲಿ ಹಳಿಗೆ ಸೇರುತ್ತವೆ. ಅಲ್ಲಿಂದ ಮುಂದೆ ಕರೆಂಟ್ ಹಳಿಯಲ್ಲೇ ಸಾಗಬೇಕು, ಹಳಿ ತುಂಡುಗಳನ್ನು ಕೂಡಿಸುವ ಒಂದೊಂದೇ ಜಾಯಿನರ್ ದಾಟಿಕೊಂಡು. ಹಳಿ ಮಾಡಿರುವುದು ನಿಕಲ್ ಸಿಲ್ವರ್‌ನಿಂದ, ಅಂದರೆ ತಾಮ್ರ, ನಿಕಲ್, ಸತು ಸೇರಿಸಿದ ಲೋಹ. ಕಬ್ಬಿಣದ ಹಾಗೆ ತುಕ್ಕು ಹಿಡಿಯಲ್ಲ, ನಿಜ. ಆದರೆ ಕರೆಂಟ್ ಹರಿಸುವುದರಲ್ಲಿ ಶುದ್ಧ ತಾಮ್ರದ ಹತ್ತಿರಕ್ಕೂ ಬರಲ್ಲ. ಜಾಯಿನರ್ ಅಂತೂ ಸುಮ್ನೆ ಸಿಕ್ಕಿಸಿದ ತಗಡು. ಒಳಗೆ ಧೂಳು ಹೋಯಿತು, ಗೋಂದು ಹೋಯಿತು, ಮಳೆಗಾಲದಲ್ಲಿ ಕಪ್ಪಾಯಿತು ಅಂದರೆ ಸಂಪರ್ಕ ಅರೆಬರೆ. ಜಾಯಿನರ್ ಕೆಲಸ ಹಳಿಗಳನ್ನು ನೇರವಾಗಿ ಹಿಡಿದಿಡುವುದು, ಅಷ್ಟೇ. ಕರೆಂಟ್ ಹೊರುವ ಕೆಲಸ ಬೋರ್ಡ್ ಕೆಳಗಿನ ತಾಮ್ರದ್ದು. ಇದೊಂದನ್ನು ಹಿಡಿದುಕೊಂಡರೆ ಲೇಔಟ್ ವೈರಿಂಗ್‌ನ ಮುಕ್ಕಾಲು ಭಾಗ ಮುಗಿದ ಹಾಗೆ.

ಬೋರ್ಡ್ ಕೆಳಗೆ ಉದ್ದಕ್ಕೂ ಎರಡು ದಪ್ಪ ತಂತಿ ಎಳೆಯಿರಿ. ಇದಕ್ಕೆ ಬಸ್ ಅನ್ನುತ್ತಾರೆ. ಟ್ಯಾಂಕ್‌ನಿಂದ ಇಳಿಯುವ ದಪ್ಪ ಪೈಪ್ ಇದ್ದ ಹಾಗೆ ಅದು. ಅದರಿಂದ ಪ್ರತಿ ನಲ್ಲಿಗೆ ಒಂದು ಸಣ್ಣ ಪೈಪ್ ಹೋಗುವಂತೆ, ಪ್ರತಿ ಹಳಿ ತುಂಡಿಗೂ ಒಂದು ಸಣ್ಣ ತಂತಿ, ಅಂದರೆ ಫೀಡರ್. ಬಸ್‌ಗೆ ಮನೆ ವೈರಿಂಗ್‌ನ 1.5 ಚದರ ಮಿಮೀ ಮಲ್ಟಿಸ್ಟ್ರಾಂಡ್ ತಂತಿ ನಿಮ್ಮ ಅಳತೆಗೆ ಸಾಕು. ಮುಂದೆ ಕೋಣೆ ಸುತ್ತ ಬೆಳೆಸುವ ಯೋಚನೆ ಇದ್ದರೆ 2.5 ತಗೊಳ್ಳಿ. ಫೀಡರ್‌ಗೆ 0.5 ಚದರ ಮಿಮೀ, ಉದ್ದ ಒಂದಡಿ ಮೀರದಿರಲಿ. ಬೆಂಗಳೂರಿನವರಾದರೆ ಎಸ್‌ಪಿ ರೋಡ್‌ನಲ್ಲಿ ಬೆಸುಗೆ ಸಾಮಾನಿನಿಂದ ಟರ್ಮಿನಲ್ ಸ್ಟ್ರಿಪ್‌ವರೆಗೆ ಎಲ್ಲಾ ಸಿಗುತ್ತದೆ.

ಬಣ್ಣ ಎರಡೇ. ಹೊರಗಿನ ಹಳಿಗೆ ಕೆಂಪು, ಒಳಗಿನ ಹಳಿಗೆ ಕಪ್ಪು. ಓವಲ್ ಎಷ್ಟು ಸುತ್ತಿದರೂ ಹೊರಗಿನ ಹಳಿ ಹೊರಗೇ ಇರುತ್ತದೆ, ಹಾಗಾಗಿ ಗೊಂದಲ ಆಗಲ್ಲ. ಕೆಂಪು ತಂತಿ ಖಾಲಿಯಾಯಿತು ಅಂತ ಕೈಗೆ ಸಿಕ್ಕಿದ ಹಸಿರು ತಂತಿ ಹಾಕಬೇಡಿ. ಆರು ತಿಂಗಳು ಬಿಟ್ಟು ಬೋರ್ಡ್ ಕೆಳಗೆ ಅಂಗಾತ ಮಲಗಿ ಟಾರ್ಚ್ ಹಿಡಿದು ನೋಡುವವರು ನೀವೇ ಅಲ್ವಾ?

ಫೀಡರ್ ಬೆಸುಗೆಗೆ ಎಲ್ಲರೂ ಹೆದರುವುದು ಪ್ಲಾಸ್ಟಿಕ್ ಸ್ಲೀಪರ್ ಕರಗುತ್ತದೆ ಅಂತ. ಕರಗುವುದು ಬಿಸಿ ಜಾಸ್ತಿ ಆಗಿ ಅಲ್ಲ, ಜಾಸ್ತಿ ಹೊತ್ತು ಇಟ್ಟು. ಹಳಿಯ ಹೊರಮೈಯನ್ನು ಸಣ್ಣ ಮರಳು ಕಾಗದದಲ್ಲಿ ಉಜ್ಜಿ ಹೊಳೆಯುವಂತೆ ಮಾಡಿ. ಒಳಮೈ ಬೇಡ, ಅಲ್ಲಿ ಚಕ್ರದ ಅಂಚು ಓಡುತ್ತದೆ. ಬೆಸುಗೆ ಚೆನ್ನಾಗಿ ಹಿಡಿಯಲು ಒಂದು ಚುಕ್ಕಿ ರೋಸಿನ್ ಫ್ಲಕ್ಸ್ ಹಚ್ಚಿ. ಕೊಳಾಯಿ ಕೆಲಸದ ಆಸಿಡ್ ಫ್ಲಕ್ಸ್ ಬೇಡವೇ ಬೇಡ, ತಂತಿಯನ್ನು ತಿಂದು ಹಾಕುತ್ತದೆ. ತಂತಿಯ ತುದಿಗೆ ಮೊದಲೇ ಬೆಸುಗೆ ಸೀಸ ಹಿಡಿಸಿ, ಹಳಿಗೂ ಒಂದು ಹನಿ ಹಿಡಿಸಿ. ಆಮೇಲೆ ಎರಡನ್ನೂ ಒತ್ತಿ ಹಿಡಿದು ಕಾದ ಐರನ್ ಮುಟ್ಟಿಸಿ. ಹನಿ ಮಿಣ್ಣಗೆ ಹೊಳೆದು ತಂತಿಯ ಸುತ್ತ ಹರಡಿದ ಕ್ಷಣವೇ ಐರನ್ ತೆಗೆಯಿರಿ. ಎರಡು ಮೂರು ಸೆಕೆಂಡಿನ ಕೆಲಸ. ಭಯ ಇದ್ದರೆ ಎರಡೂ ಕಡೆ ಒದ್ದೆ ಹತ್ತಿ ಇಟ್ಟುಕೊಳ್ಳಿ, ಬಿಸಿಯನ್ನು ಅದು ಹೀರುತ್ತದೆ. ತಂತಿಯನ್ನು ಹಳಿಯ ಪಕ್ಕದಲ್ಲೇ ಕೊರೆದ ತೂತಿನಲ್ಲಿ ಕೆಳಗಿಳಿಸಿದರೆ ಮೇಲಿಂದ ಕಾಣುವುದೂ ಇಲ್ಲ.

ಡಿಸಿ ಸಾಕೋ ಡಿಸಿಸಿ ಬೇಕೋ? ಒಂದೇ ರೈಲು ಓಡಿಸುವಷ್ಟು ದಿನ ಡಿಸಿ ಸಾಕು. ಅದರಲ್ಲಿ ಹಳಿಯ ವೋಲ್ಟೇಜ್ ಏರಿಸಿದರೆ ವೇಗ, ಧ್ರುವ ಬದಲಿಸಿದರೆ ದಿಕ್ಕು. ತೊಂದರೆ ಶುರುವಾಗುವುದು ಎರಡನೇ ಎಂಜಿನ್ ತಂದಾಗ. ಒಂದೇ ಹಳಿಯ ಮೇಲಿಟ್ಟರೆ ಎರಡೂ ಒಟ್ಟಿಗೆ ಓಡುತ್ತವೆ. ಡಿಸಿಸಿಯಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಆಜ್ಞೆ ಅದರ ಜೊತೆಗೇ ಹೋಗುತ್ತದೆ. ಎಂಜಿನ್ ಒಳಗಿನ ಡಿಕೋಡರ್ ತನ್ನ ನಂಬರ್‌ಗೆ ಬಂದದ್ದನ್ನು ಮಾತ್ರ ಕೇಳುತ್ತದೆ. ಹೊಸ ಡಿಕೋಡರ್‌ನ ನಂಬರ್ ಸಾಮಾನ್ಯವಾಗಿ 3 ಆಗಿರುತ್ತದೆ. ಡಿಕೋಡರ್ ಇಲ್ಲದ ಹಳೇ ಎಂಜಿನ್ನನ್ನು ಡಿಸಿಸಿ ಹಳಿಯ ಮೇಲೆ ನಿಲ್ಲಿಸಬೇಡಿ, ಗುಂಯ್ ಅಂತ ಸದ್ದು ಮಾಡುತ್ತಾ ಮೋಟಾರ್ ಬಿಸಿಯಾಗುತ್ತದೆ. ಡಿಸಿಸಿ ಕಂಟ್ರೋಲರ್ ಬಾಕ್ಸ್ ಬೆಲೆ ಜಾಸ್ತಿ ಅನಿಸಿದರೆ ಡಿಸಿಸಿ-ಇಎಕ್ಸ್ ನೋಡಿ. ಆರ್ಡುಯಿನೊ ಮೆಗಾ ಅನ್ನುವ ಸಣ್ಣ ಸರ್ಕ್ಯೂಟ್ ಬೋರ್ಡ್ ಮೇಲೆ ಒಂದು ಮೋಟಾರ್ ಶೀಲ್ಡ್ (ಹಳಿಗೆ ಕರೆಂಟ್ ಕೊಡುವ ಇನ್ನೊಂದು ಬೋರ್ಡ್) ಕೂರಿಸಿ ನಾವೇ ಮಾಡಿಕೊಳ್ಳಬಹುದು, ಸಾಫ್ಟ್‌ವೇರ್ ಪುಕ್ಕಟೆ. ಯಾವುದನ್ನೇ ಆರಿಸಿದರೂ ವೈರಿಂಗ್ ಮಾತ್ರ ಈಗಲೇ ಡಿಸಿಸಿ ಲೆಕ್ಕದಲ್ಲಿ ಮಾಡಿ. ಡಿಸಿ ಅದರ ಮೇಲೆ ಚೆನ್ನಾಗೇ ಓಡುತ್ತದೆ.

ಡಿಸಿಸಿ ಹಾಕಿದ ಮೇಲೆ ಒಂದು ಪರೀಕ್ಷೆ. ಒಂದು ರೂಪಾಯಿ ನಾಣ್ಯವನ್ನು ಎರಡು ಹಳಿಗೂ ತಾಗುವಂತೆ ಅಡ್ಡ ಇಡಿ. ಎಚ್‌ಒ ಹಳಿಗಳ ನಡುವೆ 16.5 ಮಿಮೀ, ನಾಣ್ಯ ಆರಾಮಾಗಿ ಕೂರುತ್ತದೆ. ಕಂಟ್ರೋಲರ್ ತಕ್ಷಣ ಟ್ರಿಪ್ ಆಗಬೇಕು. ಪ್ರತಿ ಮೂಲೆಯಲ್ಲೂ ಇಟ್ಟು ನೋಡಿ. ಎಲ್ಲಾದರೂ ಟ್ರಿಪ್ ಆಗಲಿಲ್ಲ ಅಂದರೆ ಅಲ್ಲಿಗೆ ಫೀಡರ್ ಕಡಿಮೆ ಇದೆ ಅಥವಾ ಬೆಸುಗೆ ಸರಿ ಕೂತಿಲ್ಲ. ಹಾಗೇ ಬಿಟ್ಟರೆ ಗಾಡಿ ಹಳಿ ತಪ್ಪಿದ ದಿನ ಪೂರ್ತಿ ಕರೆಂಟ್ ಚಕ್ರದ ಮೂಲಕ ಹರಿದು ಬೋಗಿಯ ಪ್ಲಾಸ್ಟಿಕ್ ಕರಗುತ್ತದೆ.

ರಿವರ್ಸ್ ಲೂಪ್‌ನಲ್ಲಿ ಶಾರ್ಟ್ ಆಗಿಯೇ ಆಗುತ್ತದೆ, ಯಾಕೆಂದರೆ ರೈಲು ತಿರುಗಿ ಅದೇ ದಾರಿಗೆ ಬರುವಾಗ ಎಡ ಹಳಿ ಬಲ ಹಳಿಗೆ ಸೇರುತ್ತದೆ. ಲೂಪಿನ ಎರಡೂ ತುದಿಯಲ್ಲಿ ಎರಡೂ ಹಳಿಗೆ ಪ್ಲಾಸ್ಟಿಕ್ ಜಾಯಿನರ್ ಹಾಕಿ ಬೇರೆ ಮಾಡಿ. ಆ ಭಾಗ ನಿಮ್ಮ ಅತಿ ಉದ್ದದ ರೈಲಿಗಿಂತ ಉದ್ದ ಇರಲಿ. ಅದಕ್ಕೆ ಕರೆಂಟ್ ಆಟೋ ರಿವರ್ಸರ್ ಮೂಲಕ ಕೊಡಿ, ಅದು ಧ್ರುವವನ್ನು ತಾನಾಗೇ ಬದಲಿಸುತ್ತದೆ. ಡಿಸಿ ಆದರೆ ಧ್ರುವವನ್ನು ಕೈಯಿಂದ ಬದಲಿಸಲು ಒಂದು ಡಿಪಿಡಿಟಿ ಸ್ವಿಚ್ (ಎರಡೂ ತಂತಿಯನ್ನು ಒಟ್ಟಿಗೆ ಅದಲು ಬದಲು ಮಾಡುವ ಸ್ವಿಚ್).

ಇನ್ನು ಘಾಟ್. ಇದರಲ್ಲಿ ಆಸೆ ಸ್ವಲ್ಪ ಕಡಿಮೆ ಮಾಡಿಕೊಳ್ಳಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಇಳಿಜಾರು 50ಕ್ಕೆ 1. ಒಂದು ರೈಲಿನ ಮೇಲೆ ಇನ್ನೊಂದು ದಾಟಬೇಕಾದರೆ ಎಚ್‌ಒದಲ್ಲಿ ಸುಮಾರು 80 ಮಿಮೀ ಎತ್ತರ ಬೇಕು. ಲೆಕ್ಕ ಹಾಕಿ: 4 ಮೀಟರ್ ಏರು. ನಿಮ್ಮ ಬೋರ್ಡ್ ಉದ್ದ 2.44 ಮೀಟರ್. ಕ್ಯಾಸಲ್ ರಾಕ್‌ನಿಂದ ಕುಳೆಂಗೆ ಇಳಿಯುವ ಬ್ರಗಾಂಜಾ ಘಾಟ್‌ನ 37ಕ್ಕೆ 1 ತೆಗೆದುಕೊಂಡರೂ 3 ಮೀಟರ್ ಬೇಕು, ಅಲ್ಲಿ ನಿಜವಾದ ರೈಲಿಗೇ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳುತ್ತದೆ! ಏರಿನ ಜೊತೆ ತಿರುವೂ ಸೇರಿದರೆ ಎಳೆತ ಇನ್ನೂ ಕಷ್ಟ. ಬೋಗಿ ಉದ್ದವೂ ಅಡ್ಡ ಬರುತ್ತದೆ. ಈಗಿನ ಉದ್ದನೆಯ ಎಲ್‌ಎಚ್‌ಬಿ ಬೋಗಿ 1:87ರಲ್ಲಿ ಸುಮಾರು 27 ಸೆಂಮೀ, 18 ಇಂಚು ತ್ರಿಜ್ಯದ ತಿರುವಿನಲ್ಲಿ ಅದರ ಹೊಟ್ಟೆ ಒಳಗೆ, ಮೂತಿ ಹೊರಗೆ. ನನ್ನನ್ನು ಕೇಳಿದರೆ ಹಳಿ ಸಮತಟ್ಟಾಗೇ ಇರಲಿ, ನೆಲ ಏರಿಳಿಯಲಿ. ಹಿಂದೆ ಥರ್ಮೋಕೋಲ್ ಗುಡ್ಡ, ಎರಡು ಸುರಂಗ, ಮುಂದೆ ಕಣಿವೆ ಕೊರೆದು ಒಂದು ಸೇತುವೆ. ಘಾಟ್ ಅಂತ ಯಾರು ಬೇಕಾದರೂ ಗುರುತಿಸುತ್ತಾರೆ. ಪುಣೆಗೆ ಹೋದಾಗ ಕೋಥ್ರೂಡ್‌ನ ಜೋಶಿ ಮಿನಿಯೇಚರ್ ರೈಲ್ವೇ ಮ್ಯೂಸಿಯಂ ನೋಡಿಕೊಂಡು ಬನ್ನಿ, ಜಾಗವನ್ನು ಹೇಗೆ ಬಳಸಬೇಕು ಅಂತ ಕಣ್ಣಿಗೇ ಕಾಣುತ್ತದೆ.

ಬೋರ್ಡನ್ನು ಗೋಡೆಗೆ ತಾಗಿಸಿ ಇಡಬೇಡಿ. ಕೈ ಎರಡೂವರೆ ಅಡಿಗಿಂತ ಮುಂದೆ ಎಟುಕಲ್ಲ, ಹಳಿ ತಪ್ಪುವುದು ಮಾತ್ರ ಯಾವಾಗಲೂ ಆಚೆ ಮೂಲೆಯಲ್ಲೇ. ಮಳೆಗಾಲದಲ್ಲಿ ಮರ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಹಾಗಾಗಿ ಪ್ಲೈವುಡ್‌ನ ಅಡಿಭಾಗಕ್ಕೂ ಪೇಂಟ್ ಹೊಡೆಯಿರಿ, ಹಳಿ ಕೂಡುವಲ್ಲಿ ಕೂದಲೆಳೆಯಷ್ಟು ಜಾಗ ಬಿಡಿ. ಫೀಡರ್ ಇದ್ದರೆ ಆ ಸಂದಿನಿಂದ ಕರೆಂಟ್‌ಗೆ ಏನೂ ಆಗಲ್ಲ. ಅಡುಗೆಮನೆಯ ಒಗ್ಗರಣೆ ಹೊಗೆ, ಹಲ್ಲಿಯ ಕಾಟ ಎರಡೂ ನಮ್ಮಲ್ಲಿ ಇದ್ದದ್ದೇ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬಟ್ಟೆ ಅದ್ದಿ ಹಳಿ ಒರೆಸಿ. ಮರಳು ಕಾಗದದಿಂದ ಹಳಿಯ ತಲೆ ಉಜ್ಜಬೇಡಿ, ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

230 ವೋಲ್ಟ್ ಬೋರ್ಡ್ ಕೆಳಗೆ ಬರಲೇಬಾರದು. ಗೋಡೆಯ ಪ್ಲಗ್‌ನಲ್ಲಿ ಅಡಾಪ್ಟರ್, ಅಲ್ಲಿಂದ ಮುಂದೆ ಕಡಿಮೆ ವೋಲ್ಟೇಜ್ ಮಾತ್ರ.

ನಿಮ್ಮ ಪಾಯಿಂಟ್‌ಗಳು (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಯಾವ ಕಂಪನಿಯವು ಅಂತ ಬರೆದಿಲ್ಲ. ಪೆಕೊ ಆದರೆ ಇನ್ಸುಲ್‌ಫ್ರಾಗಾ, ಎಲೆಕ್ಟ್ರೋಫ್ರಾಗಾ, ಯೂನಿಫ್ರಾಗಾ ನೋಡಿ ಹೇಳಿ. ಫ್ರಾಗ್, ಅಂದರೆ ಪಾಯಿಂಟ್‌ನಲ್ಲಿ ಎರಡು ಹಳಿ ಒಂದನ್ನೊಂದು ದಾಟುವ ಜಾಗ, ಅದರ ವೈರಿಂಗ್ ಒಂದೊಂದಕ್ಕೂ ಬೇರೆ. ಅಲ್ಲಿಯವರೆಗೆ ಜಲ್ಲಿ ಅಂಟಿಸಬೇಡಿ. ಗೋಂದು ಒಣಗಿದ ಮೇಲೆ ಪಾಯಿಂಟ್ ಕೀಳಬೇಕಾದರೆ ಅರ್ಧ ಹಳಿ ಅದರ ಜೊತೆಗೇ ಬರುತ್ತದೆ.