ನೀರಿನಡಿಗೆ ಮೊದಲ ಕ್ಯಾಮೆರಾ

ಪ್ರಶ್ನೆ: ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಕಲಿತು, ಮೊದಲ ಹಂತದ ‘ಓಪನ್ ವಾಟರ್’ ಪ್ರಮಾಣಪತ್ರ ಪಡೆದಿದ್ದೇನೆ. ಮೀನು, ಹವಳಗಳ ಚಿತ್ರ ತೆಗೆಯಲು ಕಡಿಮೆ ಖರ್ಚಿನಲ್ಲಿ ಯಾವ ಕ್ಯಾಮೆರಾ ಕೊಳ್ಳಬಹುದು?
— ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಪ್ರಮಾಣಪತ್ರ 18 ಮೀಟರ್ ಆಳದವರೆಗೆ ಅನುಮತಿಸುತ್ತದೆ, ಆದರೆ ಗೋಪ್ರೊ ಹೀರೋ 12 ಕವಚವಿಲ್ಲದೆ 10 ಮೀಟರ್‌ವರೆಗೆ, ಒಲಿಂಪಸ್ ಟಿಜಿ-6 15 ಮೀಟರ್‌ವರೆಗೆ ಮಾತ್ರ ನೀರನ್ನು ತಡೆಯುತ್ತವೆ. ಆದ್ದರಿಂದ ಕ್ಯಾಮೆರಾ ಯಾವುದೇ ಇರಲಿ, ಜಲನಿರೋಧಕ ಕವಚದ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಿರಿ. ವಿಡಿಯೊ ಮುಖ್ಯವೆಂದಾದರೆ ಗೋಪ್ರೊ ಸಾಕು. ಹವಳದ ಸಂದಿಯ ಪುಟ್ಟ ಜೀವಿಗಳ ಮೋಹವಿದ್ದರೆ, ಒಂದು ಸೆಂಟಿಮೀಟರ್ ಹತ್ತಿರದ ವಸ್ತುವನ್ನೂ ಸ್ಪಷ್ಟವಾಗಿ ಹಿಡಿಯುವ ಟಿಜಿ-6 ಅನ್ನು, ಸ್ಥಿತಿ ಚೆನ್ನಾಗಿದ್ದರೆ ಬಳಸಿದ್ದನ್ನಾದರೂ, ಕೊಳ್ಳುವುದು ಜಾಣತನವೆಂದು ನನ್ನ ಅಭಿಪ್ರಾಯ.

ಉಳಿದ ಹಣವನ್ನು ದೀಪಕ್ಕೆ ಮೀಸಲಿಡಿ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಹತ್ತು ಮೀಟರ್ ಆಳದಲ್ಲಿ ಕೆಂಪು ಮೀನೂ ಮಾಸಲು ಬೂದುಬಣ್ಣದ್ದಾಗಿ ಕಾಣುತ್ತದೆ. ದೀಪವನ್ನು ಲೆನ್ಸಿನ ಪಕ್ಕಕ್ಕೇ ಅಂಟಿಸದೆ, ಕ್ಯಾಮೆರಾಕ್ಕೆ ಜೋಡಿಸುವ ತೋಳಿನಂಥ ಕಡ್ಡಿಯ ತುದಿಯಲ್ಲಿ ದೂರವಿರಿಸಿ ಓರೆಯಾಗಿ ಬೆಳಗಿದರೆ, ನೀರಿನಲ್ಲಿ ತೇಲುವ ಕಣಗಳು ಚಿತ್ರದ ತುಂಬ ಬಿಳಿ ಚುಕ್ಕೆಗಳಾಗಿ ಮೂಡುವುದು ಕಡಿಮೆಯಾಗುತ್ತದೆ.

ಕವಚದ ಓ-ರಿಂಗಿನ (ನೀರು ಒಳಬಾರದಂತೆ ತಡೆಯುವ ರಬ್ಬರ್ ಬಳೆಯ) ಮೇಲೆ ಒಂದೇ ಒಂದು ಕೂದಲೆಳೆ ಕುಳಿತಿದ್ದರೂ ಉಪ್ಪುನೀರು ಒಳನುಗ್ಗಬಹುದು. ಮೊದಲ ಬಾರಿ ಕ್ಯಾಮೆರಾ ಹಾಕದೆ, ಒಣ ಟಿಶ್ಯೂ ಕಾಗದವನ್ನಷ್ಟೇ ಇಟ್ಟು ಕವಚವನ್ನು ನೀರಿಗೆ ಇಳಿಸಿ ನೋಡಿರಿ. ಪ್ರತಿ ಡೈವಿನ ನಂತರ ಅದನ್ನು ಸಿಹಿನೀರಿನಲ್ಲಿ ನೆನೆಸಿಡಿ.

ಇನ್ನೊಂದು ಮಾತು: ಮೇಲೇಳದೆ, ಕೆಳಗಿಳಿಯದೆ ನೀರಿನಲ್ಲಿ ಸ್ಥಿರವಾಗಿ ನಿಲ್ಲುವುದು ರೂಢಿಯಾಗುವವರೆಗೆ ಕ್ಯಾಮೆರಾವನ್ನು ದೋಣಿಯಲ್ಲೇ ಬಿಡಿ, ಚಿತ್ರದ ಭರದಲ್ಲಿ ಕಾಲಿನ ಫಿನ್ ಬಡಿದು ಮುರಿಯುವ ಹವಳ ಮತ್ತೆ ಬೆಳೆಯಲು ವರ್ಷಗಳೇ ಬೇಕು.