ಏರ್‌ಬೋಟ್ ಕಟ್ಟುವವರಿಗೆ: ಮೊದಲು ಒಡಲು, ಆಮೇಲೆ ಪ್ರೊಪೆಲ್ಲರ್, ಕೊನೆಗೆ ಎಂಜಿನ್

ಏರ್‌ಬೋಟ್ ಅಂದರೆ ಹಿಂಬದಿಯಲ್ಲಿ ಎತ್ತರಕ್ಕೆ ಕೂರಿಸಿದ ಪ್ರೊಪೆಲ್ಲರ್ ಗಾಳಿಯನ್ನು ತಳ್ಳಿ ಓಡಿಸುವ ಚಪ್ಪಟೆ ತಳದ ದೋಣಿ. ಒಡಲು ಅಂದರೆ ಆ ದೋಣಿಯ ಮೈ.

ಪ್ರಶ್ನೆ: ನಾಲ್ಕು ಜನ ಕೂರುವ ಏರ್‌ಬೋಟ್ ಕಟ್ಟಬೇಕು ಅಂತಿದ್ದೇನೆ. ಓಡಿಸುವ ಜಾಗ ಆಳವಿಲ್ಲದ ಜೌಗು. ಜೊಂಡು ಜಾಸ್ತಿ, ಅಲ್ಲಲ್ಲಿ ಕೆಸರಿನ ದಿಬ್ಬಗಳಿವೆ. ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ವಿ-8 (ಎಂಟು ಸಿಲಿಂಡರಿನ) ಕಾರ್ ಎಂಜಿನ್ ಕೈಯಲ್ಲಿದೆ. ಇದಕ್ಕೆ ಎಂಥ ಒಡಲು ಹೊಂದುತ್ತದೆ? ಅಲ್ಯೂಮಿನಿಯಂ ಒಳ್ಳೆಯದಾ, ಫೈಬರ್ ಒಳ್ಳೆಯದಾ?

ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹೀಗೇ ಶುರುವಾಗುತ್ತವೆ. ಎಂಜಿನ್ ಆಗಲೇ ಸಿಕ್ಕಿರುತ್ತದೆ, ದೋಣಿ ಆಮೇಲೆ ಹುಡುಕುತ್ತಾರೆ. ದಯವಿಟ್ಟು ಆ ಎಂಜಿನ್ನನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಒಂದು ಕಾಗದ ತೆಗೆದುಕೊಂಡು ತೂಕ ಬರೆಯಿರಿ.

ನಾಲ್ಕು ಜನ ಅಂದರೆ 300 ಕಿಲೋ. 4.2 ಮೀಟರ್ ಉದ್ದ, 2.3 ಮೀಟರ್ ಅಗಲದ ಅಲ್ಯೂಮಿನಿಯಂ ಒಡಲು, ಒಳಗಿನ ಪಕ್ಕೆಗಳನ್ನೂ ಸೇರಿಸಿ, 200ರಿಂದ 250 ಕಿಲೋ ತೂಗುತ್ತದೆ. ಕಬ್ಬಿಣದ ಬ್ಲಾಕ್ ಇರುವ ವಿ-8 ಎಂಜಿನ್, ಅದರ ರೇಡಿಯೇಟರ್, ನೀರು, ಗೇರ್, ಪ್ರೊಪೆಲ್ಲರ್ ಎಲ್ಲ ಸೇರಿ 350 ಕಿಲೋ ದಾಟುತ್ತದೆ. ಎಂಜಿನ್ ನಿಲ್ಲಿಸುವ ಸ್ಟ್ಯಾಂಡ್, ಪ್ರೊಪೆಲ್ಲರ್ ಸುತ್ತಲಿನ ಪಂಜರ, ಸೀಟು, ಚುಕ್ಕಾಣಿಗಳಿಗೆ 100 ಕಿಲೋ ಇಡಿ. ನೂರು ಲೀಟರ್ ಪೆಟ್ರೋಲ್ ಅಂದರೆ 75 ಕಿಲೋ. ಒಟ್ಟು 1,050 ಕಿಲೋ ಆಸುಪಾಸು.

ಇದನ್ನು ನೀರಿನ ಮೇಲೆ ಇಡೋಣ. ಚಪ್ಪಟೆ ತಳದ ದೋಣಿ ನೀರಿಗೆ ತಾಗುವ ಜಾಗ ಸುಮಾರು 3.8 ಮೀಟರ್ ಉದ್ದ, 2.2 ಮೀಟರ್ ಅಗಲ ಅಂದುಕೊಳ್ಳಿ. ಅದು ಒಂದು ಸೆಂಟಿಮೀಟರ್ ಮುಳುಗಿದರೆ 84 ಕಿಲೋ ಹೊರುತ್ತದೆ. ಅಂದರೆ ನಿಮ್ಮ ದೋಣಿ ನಿಂತಲ್ಲಿ 12ರಿಂದ 13 ಸೆಂಟಿಮೀಟರ್ ಮುಳುಗುತ್ತದೆ. ಜೌಗಿಗೆ ಇದು ಒಳ್ಳೆಯ ಲೆಕ್ಕ. ಇದೇ ತೂಕವನ್ನು 1.6 ಮೀಟರ್ ಅಗಲದ ದೋಣಿಗೆ ಹಾಕಿದರೆ 17 ಸೆಂಟಿಮೀಟರ್ ದಾಟುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎಂಜಿನ್ನು ತಳದಿಂದ ಒಂದು ಮೀಟರಿಗೂ ಎತ್ತರದಲ್ಲಿ ಕೂತಿರುತ್ತದೆ. ಅಷ್ಟು ಮೇಲೆ ಅಷ್ಟು ಭಾರ ಇಟ್ಟುಕೊಂಡು ಕಿರಿದಾದ ದೋಣಿ ತಿರುವಿನಲ್ಲಿ ಮಗುಚುವುದಕ್ಕೆ ಬಹಳ ಹೊತ್ತು ಬೇಕಿಲ್ಲ. ಅಗಲದಲ್ಲಿ ಜಿಪುಣತನ ಮಾಡಬೇಡಿ. ಉದ್ದ ಅಗಲದ ಎರಡು ಪಟ್ಟಿಗಿಂತ ಸ್ವಲ್ಪ ಕಡಿಮೆ ಇದ್ದರೆ ಸಾಕು.

ಇನ್ನು ತಳ ಮತ್ತು ಪಕ್ಕದ ಗೋಡೆ ಸೇರುವ ಅಂಚು. ನಕ್ಷೆಯಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ಏರ್‌ಬೋಟಿಗೆ ನೀರೊಳಗೆ ಏನೂ ಇಲ್ಲ, ತಳದ ಉದ್ದಕ್ಕೂ ಇಳಿಬಿಟ್ಟ ಏಣು (ಕೀಲ್) ಇಲ್ಲ, ರೆಕ್ಕೆಯಂಥ ಫಿನ್ ಇಲ್ಲ. ತಿರುಗಿಸಿದಾಗ ಅದು ಕಾರಿನಂತೆ ತಿರುಗುವುದಿಲ್ಲ, ಅಡ್ಡಡ್ಡವಾಗಿ ಜಾರುತ್ತದೆ. ಆಗ ಅಂಚು ಚೂಪಾದ ಮೂಲೆಯಾಗಿದ್ದರೆ ಕೆಸರಿಗೋ ಜೊಂಡಿನ ಬುಡಕ್ಕೋ ಸಿಕ್ಕಿಕೊಳ್ಳುತ್ತದೆ. ಕೆಳಗೆ ದೋಣಿ ನಿಲ್ಲುತ್ತದೆ, ಮೇಲಿನ ಎಂಜಿನ್ ಮುಂದುವರಿಯುತ್ತದೆ. ಅಂಚನ್ನು ದುಂಡಗೆ ಮಾಡಿಸಿ, ಇಲ್ಲವೇ ಅಗಲವಾಗಿ ಇಳಿಜಾರು ಕೊಡಿಸಿ. ಮೂತಿಯೂ ಸುಮ್ನೆ ಮೇಲೆದ್ದಿರಬಾರದು. ದಿಬ್ಬ ಸಿಕ್ಕಾಗ ಹತ್ತಿಕೊಂಡು ಹೋಗುವಂತೆ ಉದ್ದವಾಗಿ ಬಾಗಿರಬೇಕು.

ಅಲ್ಯೂಮಿನಿಯಮ್ಮೋ ಫೈಬರ್ರೋ ಅನ್ನುವುದು ಈಗ ಸುಲಭ. ನಿಮ್ಮ ಜಾಗಕ್ಕೆ ಅಲ್ಯೂಮಿನಿಯಂ. ಫೈಬರ್ ತಳ ನುಣುಪು, ಹುಲ್ಲಿನ ಮೇಲೆ ಚೆನ್ನಾಗಿ ಜಾರುತ್ತದೆ, ಬೇಕಾದ ಬಾಗು ಕೊಡಬಹುದು, ಸದ್ದೂ ಕಡಿಮೆ. ಬರೀ ನೀರು, ಹುಲ್ಲು ಇದ್ದರೆ ಅದನ್ನೇ ತೆಗೆದುಕೊಳ್ಳಿ ಅನ್ನುತ್ತಿದ್ದೆ. ಆದರೆ ಕೆಸರೊಳಗೆ ಹುಗಿದ ಮರದ ಬೊಡ್ಡೆ ಕಣ್ಣಿಗೆ ಕಾಣುವುದಿಲ್ಲ. ಅಲ್ಯೂಮಿನಿಯಂ ತಗ್ಗಾಗುತ್ತದೆ, ಫೈಬರ್ ಸೀಳುತ್ತದೆ. ಸೀಳಿನಿಂದ ಒಳಪದರಕ್ಕೆ ನೀರು ಇಳಿದರೆ ದೋಣಿಯ ತೂಕ ನಿಮಗೆ ಗೊತ್ತಾಗದ ಹಾಗೆ ಏರುತ್ತಾ ಹೋಗುತ್ತದೆ. ತಗಡು ಕೊಳ್ಳುವಾಗ 5052 ಅಥವಾ 5086 ಎಂದು ಅಲ್ಯೂಮಿನಿಯಂ ಮಿಶ್ರಲೋಹದ ಹೆಸರು ಹೇಳಿ ಕೇಳಿ. ಎರಡೂ ಉಪ್ಪುನೀರಿಗೆ ತಡೆಯುತ್ತವೆ, 5086 ಗಟ್ಟಿ ಜಾಸ್ತಿ. ತಳಕ್ಕೆ 3 ಮಿಲಿಮೀಟರಿಗಿಂತ ತೆಳು ಬೇಡ. ಚೌಕಟ್ಟಿನ ಪೈಪುಗಳಿಗೆ 6061 ಎಂಬ ಇನ್ನೊಂದು ಮಿಶ್ರಲೋಹ ಬಳಸುತ್ತಾರೆ. ಅದು ವೆಲ್ಡ್ ಮಾಡಿದ ಜಾಗದಲ್ಲಿ ಬಲ ಕಳೆದುಕೊಳ್ಳುತ್ತದೆ, ಅಂಥ ಸೇರುವೆಗಳಿಗೆ ತ್ರಿಕೋನದ ತುಂಡು ಇಟ್ಟು ಬಲಪಡಿಸಿ. ಸ್ಟೇನ್‌ಲೆಸ್ ಬೋಲ್ಟ್ ಅಲ್ಯೂಮಿನಿಯಮ್ಮಿಗೆ ನೇರವಾಗಿ ತಾಗಬಾರದು, ನಡುವೆ ನೈಲಾನ್ ವಾಷರ್ ಇರಲಿ. ಉಪ್ಪುನೀರಿನಲ್ಲಂತೂ ಆ ರಂಧ್ರಗಳ ಸುತ್ತಲೇ ತುಕ್ಕು ಮೊದಲು ತಿನ್ನುತ್ತದೆ.

ಪ್ರಶ್ನೆ: ವಿಮಾನದ ಎಂಜಿನ್ ಹಾಕಬೇಕಾ, ಕಾರಿನದ್ದು ಸಾಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮೊದಲನೇ ಓದುಗರ ವಿ-8ಗೂ ಇಲ್ಲೇ ಉತ್ತರ ಇದೆ, ಅವರೂ ಓದಲಿ.

ಏರ್‌ಬೋಟಿನ ಕಥೆ ಶುರುವಾಗಿದ್ದೇ ವಿಮಾನದ ಕಡೆಯಿಂದ. 1905ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ತಂಡ ಪ್ರೊಪೆಲ್ಲರ್‌ಗಳನ್ನು ಪರೀಕ್ಷಿಸಲು ಒಂದು ದೋಣಿಯ ಮೇಲೆ ಅವನ್ನು ಕಟ್ಟಿ ನೋಡಿತು. ಅದಕ್ಕೆ ‘ಅಗ್ಲಿ ಡಕ್ಲಿಂಗ್’ ಎಂದು ಹೆಸರು. ಗಾಳಿಯನ್ನು ಹಿಂದಕ್ಕೆ ತಳ್ಳಿ ಮುಂದಕ್ಕೆ ಹೋಗುವುದು ವಿಮಾನದ ಕೆಲಸವೇ ಅಲ್ವಾ. ಅದಕ್ಕೇ ವಿಮಾನದ ಎಂಜಿನ್ ಇಲ್ಲಿ ಸಲೀಸಾಗಿ ಹೊಂದುತ್ತದೆ.

ಕಾರಣ ಪ್ರೊಪೆಲ್ಲರಿನ ತುದಿಯಲ್ಲಿದೆ. ಆ ತುದಿ ಶಬ್ದದ ವೇಗದ ಹತ್ತಿರ ಹೋಗಬಾರದು. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಆಸುಪಾಸು. ಲೈಕಮಿಂಗ್ ಓ-360 ಎಂಬ ವಿಮಾನದ ಎಂಜಿನ್ 180 ಅಶ್ವಶಕ್ತಿಯನ್ನು ನಿಮಿಷಕ್ಕೆ 2,700 ಸುತ್ತಿನಲ್ಲೇ ಕೊಡುತ್ತದೆ. ಅದಕ್ಕೆ 1.83 ಮೀಟರ್ ಪ್ರೊಪೆಲ್ಲರ್ ನೇರವಾಗಿ ಹಾಕಿದರೆ ತುದಿಯ ವೇಗ ಸೆಕೆಂಡಿಗೆ 259 ಮೀಟರ್. ಗೇರ್ ಬೇಡ, ಏನೂ ಬೇಡ. ಕಾರ್ ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವುದು 5,000 ಸುತ್ತಿನ ಹತ್ತಿರ. ಅದೇ ಪ್ರೊಪೆಲ್ಲರನ್ನು ಅದಕ್ಕೆ ನೇರವಾಗಿ ಹಾಕಿ ಅಷ್ಟು ತಿರುಗಿಸಿದರೆ ತುದಿಯ ವೇಗ 479 ಮೀಟರ್. ಶಬ್ದವನ್ನೇ ಹಿಂದೆ ಹಾಕಿದಂತಾಯಿತು. ನೂಕುವ ಬಲ ಕುಸಿಯುತ್ತದೆ, ಕಿವಿ ಒಡೆಯುವ ಸದ್ದು ಬರುತ್ತದೆ, ರೆಕ್ಕೆ ಮುರಿಯುವ ಭಯವೂ ಇದೆ. ಹಾಗಾಗದಿರಲಿ ಎಂದು ಕಾರ್ ಎಂಜಿನ್ನನ್ನು 3,000ಕ್ಕೆ ತಡೆದು ಓಡಿಸುವವರಿದ್ದಾರೆ. ಆಗ ಅದರ ಶಕ್ತಿಯ ದೊಡ್ಡ ಪಾಲು ಹೊರಗೆ ಬರುವುದೇ ಇಲ್ಲ. ನಾನು ಕಟ್ಟಿದ ಮೊದಲ ದೋಣಿಯಲ್ಲಿ ಇದೇ ಆಗಿತ್ತು. ಒಂದು ಋತುವಿಡೀ ಕಾರ್ಬ್ಯುರೇಟರ್ ಬಿಚ್ಚಿ ನೋಡಿದೆ, ತಪ್ಪು ಅಲ್ಲಿರಲಿಲ್ಲ.

ಹಾಗಾಗಿ ಕಾರ್ ಎಂಜಿನ್ ಅಂದರೆ ರಿಡಕ್ಷನ್ ಗೇರ್ ಬೇಕೇ ಬೇಕು. ಎರಡಕ್ಕೆ ಒಂದರ ಗೇರ್ ಇದ್ದರೆ ಎಂಜಿನ್ 5,000 ತಿರುಗಿದಾಗ ಪ್ರೊಪೆಲ್ಲರ್ 2,500 ತಿರುಗುತ್ತದೆ. ಆಗ ಪೂರ್ತಿ ಎರಡು ಮೀಟರಿನ ಪ್ರೊಪೆಲ್ಲರ್ ಹಾಕಿದರೂ ತುದಿ 262 ಮೀಟರಿನಲ್ಲಿ ನಿಲ್ಲುತ್ತದೆ. ಪ್ರೊಪೆಲ್ಲರ್ ದೋಣಿಯನ್ನು ಮುಂದಕ್ಕೆ ತಳ್ಳುವ ಬಲವನ್ನೂ ಗೇರ್‌ಬಾಕ್ಸಿನ ಬೇರಿಂಗೇ ಹೊರುತ್ತದೆ. ಕಾರ್ ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಆ ಭಾರಕ್ಕೆ ಮಾಡಿದ್ದಲ್ಲ.

ದೊಡ್ಡ ಪ್ರೊಪೆಲ್ಲರ್ ಯಾಕೆ ಬೇಕು ಅಂತ ಕೇಳುತ್ತೀರಿ. ನಿಂತಲ್ಲಿಂದ ದೋಣಿಯನ್ನು ಎಬ್ಬಿಸುವ ನೂಕುಬಲ ಅಶ್ವಶಕ್ತಿಯ ಜೊತೆ ಸಮಸಮ ಏರುವುದಿಲ್ಲ. ಶಕ್ತಿಯನ್ನು ಎರಡು ಪಟ್ಟು ಮಾಡಿದರೂ ಅದೇ ಅಳತೆಯ ಪ್ರೊಪೆಲ್ಲರಿನಲ್ಲಿ ಬಲ 1.6 ಪಟ್ಟು ಮಾತ್ರ ಆಗುತ್ತದೆ. ಆದರೆ ಎಂಜಿನ್ನಿಗೆ ಕೈ ಹಚ್ಚದೆ 1.5 ಮೀಟರ್ ಪ್ರೊಪೆಲ್ಲರನ್ನು 2 ಮೀಟರ್ ಮಾಡಿದರೆ ಶೇ. 20ರಷ್ಟು ಬಲ ಬಿಟ್ಟಿ ಸಿಗುತ್ತದೆ. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವುದೇ ಲಾಭ. ಎಷ್ಟು ದೊಡ್ಡದು ಹಿಡಿಸುತ್ತದೆ ಅನ್ನುವುದನ್ನು ದೋಣಿಯ ಅಗಲ, ಎಂಜಿನ್ನಿನ ಎತ್ತರ, ಪಂಜರ ಹೇಳುತ್ತವೆ. ಆ ಪ್ರೊಪೆಲ್ಲರನ್ನು ತಿರುಗಿಸಲು ಬೇಕಾದಷ್ಟು ಎಂಜಿನ್ ತನ್ನಿ.

ಎಷ್ಟು ಬಲ ಸಾಕು? ನಾನು ಇಟ್ಟುಕೊಳ್ಳುವ ಲೆಕ್ಕ ಹೇಳುತ್ತೇನೆ. ಬರೀ ನೀರಿನ ಮೇಲೆ ಓಡಿಸಲು ಒಟ್ಟು ತೂಕದ ಮೂರನೇ ಒಂದು ಪಾಲಿನಷ್ಟು ನೂಕುಬಲ ಇದ್ದರೆ ದೋಣಿ ಆರಾಮವಾಗಿ ಎದ್ದು ಜಾರುತ್ತದೆ. ಕೆಸರು, ಒಣ ಹುಲ್ಲು ದಾಟಬೇಕಾದರೆ ಅರ್ಧಕ್ಕಿಂತ ಜಾಸ್ತಿ ಇರಬೇಕು. ಎರಡು ಮೀಟರ್ ಪ್ರೊಪೆಲ್ಲರ್, 350 ಅಶ್ವಶಕ್ತಿ ಸೇರಿದರೆ 600 ಕಿಲೋ ದಾಟುವ ಬಲ ನಿರೀಕ್ಷಿಸಬಹುದು. ಮೇಲಿನ 1,050 ಕಿಲೋ ದೋಣಿಗೆ ಅದು ಸರಿಹೊಂದುತ್ತದೆ. ಅಂದರೆ ಮೊದಲನೇ ಓದುಗರೇ, ನಿಮ್ಮ ವಿ-8 ಅಷ್ಟು ಕೊಡುವಂಥದ್ದಾದರೆ ಉಳಿಸಿಕೊಳ್ಳಿ. 200ರ ಆಸುಪಾಸಿನದ್ದಾದರೆ ಬೇರೆ ಎಂಜಿನ್ ನೋಡಿ, ಇಲ್ಲವೇ ಜನರನ್ನು ಇಬ್ಬರಿಗೆ ಇಳಿಸಿ.

ವಿಮಾನದ ಎಂಜಿನ್ ಹಗುರ. ಓ-360 ತೂಕ 120ರಿಂದ 140 ಕಿಲೋ, ಗಾಳಿಯಿಂದಲೇ ತಣಿಯುತ್ತದೆ, ರೇಡಿಯೇಟರ್ ಇಲ್ಲ. ಹಿಂದೆ ಎತ್ತರದಲ್ಲಿ ಕೂರುವ ಭಾರ ಕಡಿಮೆಯಾದರೆ ದೋಣಿಯ ಬಾಲ ಮುಳುಗುವುದಿಲ್ಲ. ಆದರೆ ಬಿಡಿಭಾಗಗಳು ದುಬಾರಿ. ಇನ್ನೊಂದು ಮಾತು ಮನಸ್ಸಿಟ್ಟು ಕೇಳಿ. ಏರ್‌ಬೋಟಿಗೆಂದು ಮಾರಾಟಕ್ಕೆ ಬರುವ ವಿಮಾನದ ಎಂಜಿನ್ನುಗಳಲ್ಲಿ ಎಷ್ಟೋ, ಮತ್ತೆ ವಿಮಾನಕ್ಕೆ ಹಾಕಲಾಗದೆ ಬಂದವು. ಪ್ರೊಪೆಲ್ಲರ್ ನೆಲಕ್ಕೆ ಬಡಿದಾಗ ಕ್ರ್ಯಾಂಕ್‌ಶಾಫ್ಟಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಎಂಜಿನ್ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಚೆನ್ನಾಗಿ ಓಡುತ್ತದೆ, ಒಂದು ದಿನ ಪ್ರೊಪೆಲ್ಲರ್ ಸಮೇತ ಮುರಿಯುತ್ತದೆ. ಕ್ರ್ಯಾಂಕ್ ಬಿಚ್ಚಿಸಿ ಕಾಂತದ ಪುಡಿಯಿಂದ ಬಿರುಕು ಪರೀಕ್ಷೆ ಮಾಡಿಸದೆ ಅಂಥ ಎಂಜಿನ್ ಮುಂದೆ ಯಾರನ್ನೂ ಕೂರಿಸಬೇಡಿ.

ನನ್ನ ಒಲವು ಕೇಳಿದರೆ: ಇಬ್ಬರು ಮೂವರಿಗೆ, ನೀರೇ ಜಾಸ್ತಿ ಇರುವ ಕಡೆಗೆ, ವಿಮಾನದ ಎಂಜಿನ್. ನಾಲ್ವರೋ ಹೆಚ್ಚೋ ಇದ್ದರೆ, ನೆಲ ದಾಟಬೇಕಾದರೆ, ಗೇರ್ ಇರುವ ಅಲ್ಯೂಮಿನಿಯಂ ಬ್ಲಾಕಿನ ವಿ-8.

ಪ್ರಶ್ನೆ: ತಳಕ್ಕೆ ಪಾಲಿಮರ್ ಹಾಳೆ ಹೊಡೆಸಬೇಕಾ?

ಒಣ ನೆಲ, ಕಲ್ಲು, ಬೊಡ್ಡೆ ದಾಟುವುದಿದ್ದರೆ ಹೊಡೆಸಿ. ಬರೀ ನೀರಾದರೆ ಬೇಡ. 9.5 ಮಿಲಿಮೀಟರಿನ ಹಾಳೆ ಚದರ ಮೀಟರಿಗೆ 9 ಕಿಲೋ, ಮೇಲೆ ಹೇಳಿದ ಅಳತೆಯ ಪೂರ್ತಿ ತಳಕ್ಕೆ 75 ಕಿಲೋ ಏರುತ್ತದೆ. ಇದು ಬಿಸಿಲಿಗೆ ವಿಪರೀತ ಹಿಗ್ಗುತ್ತದೆ. 30 ಡಿಗ್ರಿ ವ್ಯತ್ಯಾಸಕ್ಕೆ ನಾಲ್ಕು ಮೀಟರ್ ಹಾಳೆ ಎರಡು ಸೆಂಟಿಮೀಟರ್‌ನಷ್ಟು ಉದ್ದವಾಗಬಹುದು. ಬೋಲ್ಟಿನ ರಂಧ್ರಗಳು ಉದ್ದುದ್ದ ಇರಲಿ, ಇಲ್ಲದಿದ್ದರೆ ಹಾಳೆ ಅಲೆಅಲೆಯಾಗಿ ಏಳುತ್ತದೆ. ಮುಂದಿನ ಅಂಚನ್ನು ಮೂತಿಯ ಬಾಗಿನವರೆಗೂ ತಂದು ಮುಗಿಸಿ.

ಪ್ರಶ್ನೆ: ಸದ್ದಿನ ಬಗ್ಗೆ ಅಕ್ಕಪಕ್ಕದವರ ದೂರು. ಸೈಲೆನ್ಸರ್ ಹಾಕಿದರೂ ಕಡಿಮೆಯಾಗಿಲ್ಲ.

ಸೈಲೆನ್ಸರ್ ಹಾಕಿದ್ದು ಸರಿಯೇ. ಆದರೆ ಈಗ ಉಳಿದಿರುವುದು ಬಹುತೇಕ ಪ್ರೊಪೆಲ್ಲರಿನ ಸದ್ದು. ತುದಿಯ ವೇಗ ಲೆಕ್ಕ ಹಾಕಿ ನೋಡಿ, 280 ಮೀಟರ್ ದಾಟಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಎರಡು ರೆಕ್ಕೆಯದ್ದನ್ನು ತೆಗೆದು ಅಗಲ ರೆಕ್ಕೆಗಳ ಮೂರು ಅಥವಾ ನಾಲ್ಕು ರೆಕ್ಕೆಯ ಕಾರ್ಬನ್ ಫೈಬರ್ ಪ್ರೊಪೆಲ್ಲರ್ ಹಾಕಿ, ಗೇರ್ ಅನುಪಾತ ಹೆಚ್ಚಿಸಿ ನಿಧಾನ ತಿರುಗಿಸಿ. ಪಂಜರದ ಪೈಪುಗಳು ರೆಕ್ಕೆಗೆ ತೀರಾ ಹತ್ತಿರ ಇದ್ದರೂ ಸದ್ದು ಏರುತ್ತದೆ. ನಿಮ್ಮ ಕಿವಿಗೂ ರಕ್ಷಣೆ ಇರಲಿ. ಪಕ್ಕದಲ್ಲಿ ಬರುವ ಬೇರೆ ದೋಣಿಯ ಸದ್ದು ನಿಮಗೆ ಕೇಳಿಸುವುದಿಲ್ಲ. ಎತ್ತರದ ಜೊಂಡಿನಲ್ಲಿ ಕಣ್ಣಿಗೂ ಕಾಣುವುದಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಏರ್‌ಬೋಟಿನ ತಳದಿಂದ ಕನಿಷ್ಠ 10 ಅಡಿ ಎತ್ತರದಲ್ಲಿ ಕಿತ್ತಳೆ ಬಣ್ಣದ ಬಾವುಟ ಹಾರಿಸಲೇಬೇಕೆಂಬ ಕಾನೂನು ಇರುವುದು ಇದಕ್ಕೇ. ಕಾನೂನು ಇರಲಿ ಬಿಡಲಿ, ಹಾಕಿಕೊಳ್ಳಿ.

ಪ್ರಶ್ನೆ: ವೇಗವಾಗಿ ಹೋಗುತ್ತಾ ಥ್ರಾಟಲ್ ಬಿಟ್ಟೆ. ಹಿಂದಿನಿಂದ ನೀರು ನುಗ್ಗಿ ದೋಣಿ ಅರ್ಧ ಮುಳುಗಿತು. ಒಡಲಿನ ತಪ್ಪಾ, ನನ್ನ ತಪ್ಪಾ?

ಎರಡೂ. ನೀವು ಪಾರಾಗಿದ್ದು ದೊಡ್ಡದು. ವೇಗದಲ್ಲಿ ದೋಣಿಯ ಹಿಂದೆ ಅದರದ್ದೇ ಅಲೆ ಬೆನ್ನಟ್ಟಿ ಬರುತ್ತಿರುತ್ತದೆ. ಏಕ್‌ದಂ ನಿಂತರೆ ಬಾಲ ಕೆಳಗೆ ಕೂರುತ್ತದೆ, ಆ ಅಲೆ ಹಿಡಿದುಬಿಡುತ್ತದೆ. ಎಂಜಿನ್ನಿನ ಭಾರವೂ ಅಲ್ಲೇ ಇದೆ.

ದೋಣಿಯ ಹಿಂಬದಿಯ ಗೋಡೆ, ಪೂರ್ತಿ ಭಾರ ಹಾಕಿದ ಮೇಲೂ, ನೀರಿನಿಂದ 30 ಸೆಂಟಿಮೀಟರಾದರೂ ಮೇಲಿರಬೇಕು. ಇಲ್ಲದಿದ್ದರೆ ಗೋಡೆ ಎತ್ತರಿಸಿ, ಎಂಜಿನ್ ಸ್ಟ್ಯಾಂಡನ್ನು ಮುಂದಕ್ಕೆ ಸರಿಸಿ, ಪೆಟ್ರೋಲ್ ಟ್ಯಾಂಕನ್ನು ಸೀಟಿನ ಕೆಳಗೆ ತನ್ನಿ. ಒಳಗಿನ ಖಾಲಿ ಜಾಗಗಳಲ್ಲಿ ನೀರು ಹೀರದ ಫೋಮ್ ತುಂಬಿಸಿ. ಒಳಗೆ ನಿಂತ ನೀರನ್ನು ಹೊರಹಾಕಲು ತಾನೇ ಚಾಲೂ ಆಗುವ ಬಿಲ್ಜ್ ಪಂಪ್ ಇರಲಿ.

ಓಡಿಸುವಾಗ ಥ್ರಾಟಲನ್ನು ಹಂತಹಂತವಾಗಿ ಇಳಿಸಿ. ಅಲೆ ಬಂದು ತಾಗುವ ಹೊತ್ತಿಗೆ ಒಂದಿಷ್ಟು ಥ್ರಾಟಲ್ ಕೊಡಿ, ಬಾಲ ಏಳುತ್ತದೆ. ಏರ್‌ಬೋಟಿಗೆ ಬ್ರೇಕ್ ಇಲ್ಲ. ಚುಕ್ಕಾಣಿ ಕೆಲಸ ಮಾಡುವುದೂ ಪ್ರೊಪೆಲ್ಲರ್ ಗಾಳಿ ಅದರ ಮೇಲೆ ಬೀಸುವಾಗ ಮಾತ್ರ. ಗಾಬರಿಯಾಗಿ ಥ್ರಾಟಲ್ ಪೂರ್ತಿ ಬಿಟ್ಟರೆ ತಿರುಗಿಸುವ ಶಕ್ತಿಯೂ ಹೋಯಿತು. ಹೊಸಬರಿಗೆ ಕಲಿಸುವಾಗ ನಾನು ಮೊದಲ ದಿನ ವೇಗ ಕಲಿಸುವುದಿಲ್ಲ. ಅಗಲವಾದ ನೀರಿನಲ್ಲಿ ಬರೀ ನಿಲ್ಲಿಸುವುದನ್ನೇ ಇಪ್ಪತ್ತು ಸಲ ಮಾಡಿಸುತ್ತೇನೆ. ದೋಣಿ ದುರಸ್ತಿಯಾದ ಮೇಲೆ ನೀವೂ ಒಬ್ಬರೇ, ಲೈಫ್ ಜಾಕೆಟ್ ಹಾಕಿಕೊಂಡು, ದಡದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಅಲ್ಲಿಂದಲೇ ಶುರು ಮಾಡಿ.