ಸೆಕ್ಷನ್ 8 ಬಾಡಿಗೆ: ‘ಮೇಲಿನ 70 ಡಾಲರ್ ಕೈಯಲ್ಲಿ ಇಸ್ಕೊಳ್ಳಬಹುದಾ?’

ಪ್ರಶ್ನೆ: ಅಮೆರಿಕದಲ್ಲಿ ನಮ್ಮದೊಂದು ಎರಡು ಬೆಡ್‌ರೂಮಿನ ಮನೆ ಇದೆ. ಸೆಕ್ಷನ್ 8 ವೋಚರ್ (ಕಡಿಮೆ ಆದಾಯದವರ ಬಾಡಿಗೆಯಲ್ಲಿ ಒಂದು ಪಾಲನ್ನು ಸರ್ಕಾರ ಕೊಡುವ ನೆರವು) ಇರುವ ತಾಯಿ, ಮಗಳು ಬರಲು ಒಪ್ಪಿದ್ದಾರೆ. ನಾವು 1,900 ಡಾಲರ್ ಕೇಳಿದೆವು. ಆ ಪಾಲು ಕೊಡುವ ಸ್ಥಳೀಯ ಹೌಸಿಂಗ್ ಅಥಾರಿಟಿಯವರು 1,830ಕ್ಕಿಂತ ಜಾಸ್ತಿ ಆಗಲ್ಲ ಅಂದರು. ಉಳಿದ 70 ಡಾಲರ್ ತಿಂಗಳು ತಿಂಗಳು ಕೈಯಲ್ಲಿ ಕೊಡ್ತೀನಿ ಅಂತ ಆ ತಾಯಿಯೇ ಹೇಳುತ್ತಿದ್ದಾರೆ. ಇಸ್ಕೊಳ್ಳಬಹುದಾ?

ಉತ್ತರ: ಬೇಡ. ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಪ್ರತಿ ಸಲವೂ ‘ಅವರೇ ಒಪ್ಪಿದ್ದಾರೆ’ ಅನ್ನುವ ಮಾತು ಜೊತೆಗೇ ಬರುತ್ತದೆ. ಅವರು ಒಪ್ಪದೆ ಏನು ಮಾಡುತ್ತಾರೆ? ವೋಚರ್ ಕೈಗೆ ಬಂದ ಮೇಲೆ ಮನೆ ಹುಡುಕಲು ಗಡುವು ಇರುತ್ತದೆ. ಗಡುವು ಮುಗಿದರೆ ವರ್ಷಗಟ್ಟಲೆ ಕಾದು ಸಿಕ್ಕಿದ ವೋಚರ್ ಕೈತಪ್ಪಬಹುದು. ಅಂಥವರ ಒಪ್ಪಿಗೆಯನ್ನು ಒಪ್ಪಿಗೆ ಅನ್ನಬೇಡಿ.

1,830 ಎಲ್ಲಿಂದ ಬಂತು ನೋಡಿ. ಆ ಮನೆಯವರ ಆದಾಯ, ಕಡಿತಗಳೆಲ್ಲ ಹೋಗಿ, ತಿಂಗಳಿಗೆ 1,500 ಡಾಲರ್ ಅಂದುಕೊಳ್ಳಿ. ಅದರಲ್ಲಿ ಶೇ 30, ಅಂದರೆ 450 ಅವರ ಪಾಲು. ನಿಮ್ಮೂರಲ್ಲಿ ಎರಡು ಬೆಡ್‌ರೂಮಿಗೆ ಅಥಾರಿಟಿ ಇಟ್ಟುಕೊಂಡ ಮಿತಿ 1,800 ಆದರೆ ಅಥಾರಿಟಿ ಕೊಡುವುದು 1,350. ಬಾಡಿಗೆ ಆ ಮಿತಿ ದಾಟಿದರೆ ಮೇಲಿನದ್ದು ಬಾಡಿಗೆದಾರರ ತಲೆಗೆ. ಆದರೆ ಮನೆಗೆ ಬರುವಾಗ ಅವರ ಪಾಲು ಆದಾಯದ ಶೇ 40 ದಾಟುವಂತಿಲ್ಲ. ಅಂದರೆ 600. ಎರಡೂ ಸೇರಿ 1,950. ಕರೆಂಟು, ಗ್ಯಾಸ್ ಬಿಲ್ಲು ಅವರೇ ಕಟ್ಟುವುದಾದರೆ ಅದಕ್ಕೆಂದು 120 ತೆಗೆಯುತ್ತಾರೆ. ನಿಮಗೆ ಉಳಿದದ್ದು 1,830.

ಬಾಡಿಗೆದಾರರ ಊಟ, ಔಷಧಿಗೆ ದುಡ್ಡು ಉಳಿಯಲಿ ಅಂತಲೇ ಆ ಶೇ 40ರ ಗೆರೆ ಎಳೆದಿರುವುದು. ನಿಮ್ಮ 70 ಡಾಲರ್ ಬರುವುದು ಅಲ್ಲಿಂದಲೇ.

ಇನ್ನು ಕಾನೂನು. ಅಥಾರಿಟಿ ಒಪ್ಪಿದ ಬಾಡಿಗೆ ಬಿಟ್ಟು ಬೇರೆ ಬಾಡಿಗೆ ತೆಗೆದುಕೊಳ್ಳುವುದಿಲ್ಲ ಅಂತ ನೀವು ಅವರ ಕರಾರಿಗೆ ಸಹಿ ಹಾಕಿರುತ್ತೀರಿ. ಸಹಿ ಹಾಕಿಯೂ ಇಸ್ಕೊಂಡರೆ ಪ್ರತಿ ತಿಂಗಳು ಸರ್ಕಾರಕ್ಕೆ ಸುಳ್ಳು ಹೇಳಿದಂತೆ. 1863ರ ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್ ಅಡಿಯಲ್ಲಿ ನಷ್ಟದ ಮೂರು ಪಟ್ಟು, ಮೇಲೆ ದಂಡ. ಇಂದು ‘ಕೊಡ್ತೀನಿ’ ಅಂದ ಬಾಡಿಗೆದಾರರೇ ನಾಳೆ ಸರ್ಕಾರದ ಪರವಾಗಿ ಈ ಕೇಸು ಹಾಕಬಹುದು. ನಾನು ನೋಡಿದ ಒಂದು ಪ್ರಕರಣದಲ್ಲಿ ಸಾಕ್ಷಿ ಬಾಡಿಗೆದಾರರ ಫೋನಿನಲ್ಲೇ ಇತ್ತು. ಹದಿನಾಲ್ಕು ತಿಂಗಳ ಹಣ ಕಳಿಸಿದ ದಾಖಲೆ. ಪ್ರತಿಯೊಂದರ ಕೆಳಗೂ ‘ಬಾಕಿ ಬಾಡಿಗೆ’ ಅಂತ ಅವರೇ ಬರೆದುಕೊಂಡಿದ್ದರು. ಮಾಲೀಕರು ಅದನ್ನು ಓದಿ ನೋಡಿರಲೇ ಇಲ್ಲ.

‘ಪಾರ್ಕಿಂಗ್ ಅಂತ ಬರೆಸಿ’ ಅನ್ನುವ ಸಲಹೆಗಾರರ ಮಾತು ಕೇಳಬೇಡಿ. ಬೇರೆಯವರಿಗೆ ಸುಮ್ನೆ ಕೊಡುವ ಜಾಗಕ್ಕೆ ಇವರಿಂದ ದುಡ್ಡು ಕೀಳುವುದಕ್ಕೂ ಅನುಮತಿ ಇಲ್ಲ. ಹೆಸರು ಬದಲಾದರೆ ತಪ್ಪು ಬದಲಾಗುವುದಿಲ್ಲ.

ನೇರ ದಾರಿಗಳಿವೆ. ಕರೆಂಟು, ಗ್ಯಾಸ್ ನಾನೇ ಕಟ್ಟುತ್ತೇನೆ ಅಂತ ನೀವು ಅಂದರೆ ಆ 120ರ ಕಡಿತ ಹೋಗುತ್ತದೆ, 1,950ರವರೆಗೆ ಕೇಳಬಹುದು. ಅಕ್ಕಪಕ್ಕದ ಇಂಥದ್ದೇ ಮನೆಗಳ ಬಾಡಿಗೆಗೆ ಅದು ಹೊಂದಬೇಕು, ಅಷ್ಟೇ. ನಿಮ್ಮ ಹಳೆಯ ಬಿಲ್ಲು ನೋಡಿ, ಲೆಕ್ಕ ಕೂಡುತ್ತದಾ ಅಂತ. ಇಲ್ಲವೇ ಮೊದಲ ವರ್ಷ 1,830ಕ್ಕೆ ಕೊಡಿ. ಆಮೇಲೆ ಏರಿಸಬೇಕಾದರೆ ಕನಿಷ್ಠ 60 ದಿನ ಮುಂಚೆ ಅಥಾರಿಟಿಗೆ ಬರೆದು ಕೇಳಿ. ಎರಡೂ ಬೇಡ ಅನ್ನಿಸಿದರೆ 1,900 ಕೊಡಬಲ್ಲವರಿಗೇ ಮನೆ ಕೊಡಿ. ಅದರಲ್ಲಿ ತಪ್ಪಿಲ್ಲ. ಕದ್ದು ಇಸ್ಕೊಳ್ಳುವುದು ತಪ್ಪು.

ಪ್ರಶ್ನೆ: ವೋಚರ್ ಕೊಡುವಾಗ ಅಥಾರಿಟಿಯವರೇ ಬಾಡಿಗೆದಾರರ ನಡತೆ ವಿಚಾರಿಸಿರುತ್ತಾರೆ ಅಲ್ವಾ?

ಉತ್ತರ: ಇಲ್ಲ, ಅದು ನಿಮ್ಮ ಕೆಲಸ. ಅವರ ಹಿಂದಿನ ಮನೆ ಮಾಲೀಕರಿಗೆ ಫೋನ್ ಮಾಡಿ, ಎಲ್ಲರಿಗೂ ಹಾಕುವ ಅಳತೆಯನ್ನೇ ಇವರಿಗೂ ಹಾಕಿ. ‘ವೋಚರ್‌ನವರು ಮನೆ ಹಾಳು ಮಾಡ್ತಾರೆ’ ಅನ್ನುವ ಮಾತನ್ನು ದಯವಿಟ್ಟು ನನಗೆ ಬರೆದು ಕಳಿಸಬೇಡಿ.

ಪ್ರಶ್ನೆ: ವೋಚರ್ ಇದೆ ಅನ್ನೋ ಕಾರಣಕ್ಕೇ ಬೇಡ ಅನ್ನಬಹುದಾ?

ಉತ್ತರ: ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಆಗಲ್ಲ. ನ್ಯೂಜೆರ್ಸಿಯಲ್ಲೂ ಆಗಲ್ಲ. ಬೇರೆ ಕಡೆ ನಿಮ್ಮ ರಾಜ್ಯದ, ನಗರದ ಕಾನೂನು ನೋಡಿ.

ಪ್ರಶ್ನೆ: ನನ್ನ ತಂಗಿಗೇ ವೋಚರ್ ಸಿಕ್ಕಿದೆ. ನನ್ನ ಮನೆ ಕೊಡಬಹುದಾ?

ಉತ್ತರ: ಅಂಗವೈಕಲ್ಯದ ಕಾರಣಕ್ಕೆ ಅಥಾರಿಟಿ ವಿನಾಯಿತಿ ಕೊಟ್ಟರೆ ಮಾತ್ರ.

ಪ್ರಶ್ನೆ: 500 ಡಾಲರ್ ಕೊಟ್ಟರೆ ಅಥಾರಿಟಿಯವರ ಮನೆ ಇನ್‌ಸ್ಪೆಕ್ಷನ್ ಪಾಸು ಮಾಡಿಸ್ತೀನಿ ಅಂತ ಒಬ್ಬರು ಹೇಳ್ತಿದ್ದಾರೆ.

ಉತ್ತರ: ಅವರ ನಂಬರು ಬ್ಲಾಕ್ ಮಾಡಿ. ಆ ದುಡ್ಡಲ್ಲಿ ಹೊಗೆ ಅಲಾರಂಗಳನ್ನು ಸರಿ ಮಾಡಿಸಿ, ಮೆಟ್ಟಿಲಿನ ಅಲ್ಲಾಡುವ ಕಟಕಟೆ ಬಿಗಿ ಮಾಡಿಸಿ, ಸಿಂಕಿನ ಕೆಳಗಿನ ಸೋರಿಕೆ ನಿಲ್ಲಿಸಿ. ಜನ ಒಳಗೆ ಬಂದ ಮೇಲೂ ಜೀವಕ್ಕೆ ಅಪಾಯ ಇರುವ ದೋಷ ಸಿಕ್ಕರೆ 24 ಗಂಟೆಯೊಳಗೆ ಸರಿಮಾಡಬೇಕು, ಉಳಿದದ್ದಕ್ಕೆ 30 ದಿನ. ಮಾಡದಿದ್ದರೆ ಅಥಾರಿಟಿಯ ಪಾಲು ನಿಲ್ಲುತ್ತದೆ. ಆ ಪಾಲನ್ನು ಬಾಡಿಗೆದಾರರಿಂದ ಕೇಳುವಂತಿಲ್ಲ.